ನೀಲಿ ಬಾಗಿಲ ಮನೆಯ ಬೆನ್ನು ಹತ್ತಿ

ನೀಲಿ ಬಾಗಿಲ ಮನೆ ಕೆರೆಗೆ ಇಳಿದಿದೆ ಎಂಬ ಸುದ್ದಿ ಬಂದಾಗ ನಾನು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡನೇ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದೆ. ಸುದ್ದಿ ತಂದವರು ಫಿಲೋಮಿನಾ ಸಿಸ್ಟರು. ಮೊಪೆಡ್ಡಿನ ಮುಂದಿನ ಚಕ್ರವನ್ನು ಹೋಟೆಲಿನ ಮೆಟ್ಟಿಲಿಗೆ ತಾಗಿಸಿ, ಇಂಜಿನ್ ಆರಿಸದೆಯೇ ಕೂಗಿದರು.

"ಚಿದಾನಂದಾ, ತಿಂದಿದ್ದು ಸಾಕು, ಏಳೋ! ನೀರು ಕುಡೀತಾ ನಿಂತಿದೆಯಂತೆ. ಷಡಕ್ಷರಪ್ಪನ ಲಾರೀನೂ ಆ ಕಡೆಗೇ ಹೊರಟಿದೆ. ನೀನು ಅವ್ವ ಮಗಳನ್ನ ಕರ್ಕೊಂಡು ಬಾ. ನಾನು ಹಾಲು ತರ್ತೀನಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಪೆಡ್ಡು ತಿರುವಿನಲ್ಲಿ ಮಾಯವಾಗಿತ್ತು. ಕೈ ತೊಳೆಯುವ ವ್ಯವಧಾನವಿರಲಿಲ್ಲ. ಚಟ್ನಿ ಕೈಯನ್ನು ಪಂಚೆಗೆ ಒರೆಸಿಕೊಂಡು ಲಾರಿ ಸ್ಟ್ಯಾಂಡಿನ ಕಡೆಗೆ ಓಡಿದೆ. ಹೊಸ್ತಿಲು ಬಳಗಕ್ಕೆ ಸೇರಿದ ಮೇಲೆ ಎಷ್ಟೋ ಮನೆಗಳ ಹಿಂದೆ ಓಡಿದ್ದೇನೆ, ಆದರೆ ನೀಲಿ ಬಾಗಿಲ ಮನೆಯ ಮಾತೇ ಬೇರೆ.

ನಮ್ಮೂರಲ್ಲಿ ಒಲೆ ಉರಿಯದ ಮನೆ ಬಹಳ ಕಾಲ ಬೀದಿಯಲ್ಲಿ ನಿಲ್ಲುವುದಿಲ್ಲ. ಜನ ಬಿಟ್ಟುಹೋದ ಮನೆ ಒಂದಷ್ಟು ದಿನ ದಾರಿ ನೋಡುತ್ತದೆ, ಆಮೇಲೆ ಎದ್ದು ಹೋಗುತ್ತದೆ. ಬೆಳಿಗ್ಗೆ ಹಾಲಿನವನು ಬರುವಾಗ ಎರಡು ಮನೆಗಳ ನಡುವೆ ಹಲ್ಲು ಬಿದ್ದ ಹಾಗೆ ಕೆಮ್ಮಣ್ಣಿನ ಜಾಗವೊಂದು ಕಾಣುತ್ತದೆ. ಅಕ್ಕಪಕ್ಕದವರು "ಅಯ್ಯೋ, ಇದೂ ಹೊರಟೇ ಹೋಯ್ತಾ" ಎಂದು ಲೊಚಗುಟ್ಟಿ, ಮಾರನೆಯ ದಿನ ಅಲ್ಲಿ ಎಮ್ಮೆ ಕಟ್ಟುತ್ತಾರೆ. ಹಾಗೆ ಹೊರಟ ಮನೆಗಳೆಲ್ಲ ಊರಿನ ಮೂಡಲಿಗಿರುವ ಜಾಲಿ ಬಯಲಿನಲ್ಲಿ ಅಲೆಯುತ್ತವೆ. ಸೂರಿನಲ್ಲಿ ಗುಬ್ಬಿ ಗೂಡು, ಗೋಡೆಗೆ ಮೆತ್ತಿದ ಬೆರಣಿ, ಹಳೇ ಕ್ಯಾಲೆಂಡರು, ಎಲ್ಲವನ್ನೂ ಹೊತ್ತುಕೊಂಡು ತಿರುಗುತ್ತವೆ. ಬಿಸಿಲು ಏರಿದರೆ ಕೆರೆಗೆ ಬರುತ್ತವೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕೆಲವು ಆಚೆ ದಡಕ್ಕೆ ದಾಟಿಬಿಡುತ್ತವೆ. ದಾಟಿದ ಮನೆ ಹಿಂದಿರುಗಿದ್ದನ್ನು ಯಾರೂ ಕಂಡಿಲ್ಲ.

ಮನೆ ಕಳೆದುಕೊಂಡ ಜನ ಊರೊಳಗೆ, ಜನ ಕಳೆದುಕೊಂಡ ಮನೆಗಳು ಊರಾಚೆ. ಇವೆರಡನ್ನೂ ಒಂದು ಮಾಡುವುದೇ ಸಿಸ್ಟರ್ ಹಿಡಿದ ಕೆಲಸ. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಗುಣವಾದ ರೋಗಿಗೆ "ಇನ್ನು ಮನೆಗೆ ಹೋಗಪ್ಪ" ಎಂದರೆ ಅವನು ಮಂಚದ ಕೆಳಗೆ ನೋಡುತ್ತಿದ್ದನಂತೆ, ಅಲ್ಲೇನಾದರೂ ಜಾಗವಿದೆಯೋ ಎಂದು. ಅದನ್ನು ನೋಡಿ ನೋಡಿ, ನಿವೃತ್ತಿಯಾದ ಮರುದಿನವೇ ಬಳಗ ಕಟ್ಟಿದರು. ನಾನಾಗ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಕಡೆಗೆ ಎಂದು ಕೂಗುವವನು. ಎಷ್ಟು ಕೂಗಿದರೂ ಯಾವ ಬಸ್ಸನ್ನೂ ಹತ್ತದ ಕೆಲವರು ನನ್ನ ಕಿಟಕಿಯ ಎದುರಿನ ಕಲ್ಲು ಬೆಂಚಿನ ಮೇಲೆ ಕೂತೇ ಇರುತ್ತಿದ್ದರು. ಒಂದು ದಿನ ಸಿಸ್ಟರ್ ಬಂದು, "ನಿನ್ನ ಗಂಟಲು ನನಗೆ ಬೇಕು. ಹೋಗೋರನ್ನ ಕರೆದಿದ್ದು ಸಾಕು, ಇರೋರನ್ನ ಕರಿ" ಅಂದರು. ಬಂದುಬಿಟ್ಟೆ.

ಈ ಕೆಲಸಕ್ಕೆ ಅವರು ಸಂಬಂಧ ಕುದುರಿಸೋದು ಅನ್ನುತ್ತಿದ್ದರು. ಬಯಲಿನ ಮನೆಯೊಳಗೆ ಏಕಾಏಕಿ ನುಗ್ಗಿದರೆ ಆಗುವುದಿಲ್ಲ. ದಿನಾ ಹೋಗಿ ಎದುರಿಗೆ ಕೂರಬೇಕು, ಮಾತಾಡಬೇಕು, ಊಟದ ಗಂಟು ಅಲ್ಲೇ ಬಿಚ್ಚಬೇಕು. ಮನೆಗೆ ಸಲುಗೆ ಬಂದ ಮೇಲೆ ಬಾಗಿಲು ತಾನಾಗಿ ಸಡಿಲವಾಗುತ್ತದೆ. ಆಗ ಒಳಗೆ ಹೋಗಿ ಒಲೆ ಹಚ್ಚಿ ಹಾಲು ಉಕ್ಕಿಸಬೇಕು. ಹಾಲು ಉಕ್ಕಿತೋ, ಮನೆ ಕೂತಿತು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತೆಂದಲ್ಲ. ರೇಷನ್ ಕಾರ್ಡು ಮಾಡಿಸಬೇಕು, ದುಡಿಮೆ ಹುಡುಕಿಕೊಡಬೇಕು, ಕುಡಿತ ಬಿಟ್ಟವನು ಮತ್ತೆ ಆ ಅಂಗಡಿಯ ಮುಂದೆ ನಿಲ್ಲದಂತೆ ಸಂಜೆ ಹೊತ್ತು ಜೊತೆಗೆ ಕೂರಬೇಕು. ಬಾಗಿಲು ಹಾಕಿಕೊಂಡು ಮಲಗುವುದನ್ನೇ ಮರೆತವರಿಗೆ ಅದನ್ನೂ ಹೇಳಿಕೊಡಬೇಕು.

ಷಡಕ್ಷರಪ್ಪನದು ಹಳೇ ಮರದ ಮಂಡಿ. ಬಯಲಿನ ಮನೆಗಳಿಗೆ ಹಗ್ಗ ಹಾಕಿ ಲಾರಿಯಲ್ಲಿ ಎಳೆದು ತಂದು, ಬಿಚ್ಚಿ, ಕಂಬ, ಬಾಗಿಲು, ತೊಲೆಗಳನ್ನು ಮಾರುತ್ತಿದ್ದ. ಕೆಟ್ಟವನೇನಲ್ಲ. ನಮ್ಮ ಬಳಗಕ್ಕೆ ಎಷ್ಟೋ ಸಲ ಕಿಟಕಿಗಳನ್ನು ಬಿಟ್ಟಿ ಕೊಟ್ಟಿದ್ದಾನೆ. ಆದರೆ ಮನೆಗಳ ವಿಷಯದಲ್ಲಿ ಅವನದು ಒಂದೇ ಮಾತು. "ಜನ ಇದ್ರೆ ಮನೆ ಸಿಸ್ಟರೇ, ಇಲ್ದಿದ್ರೆ ಸೌದೆ." ಬಯಲಿನ ಮನೆ ಹಗ್ಗ ಹಾಕಿದವರದು, ಹಗ್ಗ ಬಿದ್ದ ಮೇಲೂ ಹಾಲು ಉಕ್ಕಿದರೆ ಉಕ್ಕಿಸಿದವರದು. ಊರಿಗೆ ಗೊತ್ತಿದ್ದ ಕಟ್ಟಳೆ ಇಷ್ಟೇ. ನೀಲಿ ಬಾಗಿಲ ಮನೆಯ ಜಗಲಿಗೆ ಎರಡು ತೇಗದ ಕಂಬಗಳಿದ್ದವು. ಅವುಗಳ ಮೇಲೆ ಅವನ ಕಣ್ಣು ಬಿದ್ದು ವರ್ಷಗಳೇ ಆಗಿದ್ದವು. ಆ ಮನೆಯೋ, ಯಾರ ಕೈಗೂ ಸಿಗುವಂಥದ್ದಲ್ಲ. ನಾವು ಕರೆದೊಯ್ದ ಕುಟುಂಬಗಳನ್ನೂ ಅದು ಹತ್ತಿರ ಸೇರಿಸಿರಲಿಲ್ಲ. ಹೇಗೋ ಒಳಗೆ ಹೋದ ಒಂದಿಬ್ಬರೂ ಅದು ನಡೆಯತೊಡಗಿದ ಕೂಡಲೇ ಕಿರುಚಿಕೊಂಡು ಹೊರಗೆ ಹಾರಿದ್ದರು.

ಲಾರಿ ಸ್ಟ್ಯಾಂಡಿನ ಹಿಂದಿನ ಬೇವಿನ ಮರದ ಕೆಳಗೆ ದ್ಯಾವೀರಮ್ಮ ಹರಿದ ಗೋಣಿಗೆ ತೇಪೆ ಹಾಕುತ್ತಿದ್ದಳು. ಡಾಂಬರು ರಸ್ತೆಯ ಕೆಲಸದ ಗುಂಪಿನೊಂದಿಗೆ ಹುಟ್ಟಿದಾಗಿನಿಂದ ತಿರುಗಿದವಳು. ಗಂಡ ಹಾಲಪ್ಪ ಒಂದು ಮಳೆಗಾಲದಲ್ಲಿ ಕೂಲಿಗಳ ಶೆಡ್ಡಿನೊಳಗೆ ಮಲಗಿದ್ದಾಗ ಸೂರು ಕುಸಿದು ತೀರಿಕೊಂಡ. ಅವತ್ತಿನಿಂದ ದ್ಯಾವೀರಮ್ಮ ಸೂರಿನ ಕೆಳಗೆ ಕಾಲಿಟ್ಟಿಲ್ಲ. ಮಳೆ ಬಂದರೆ ಪ್ಲಾಸ್ಟಿಕ್ ಹೊದ್ದು ಬಯಲಲ್ಲೇ ಕೂರುವಳು. ಸಿಸ್ಟರ್ ತಮ್ಮ ಆಫೀಸಿನ ಕೋಣೆಯನ್ನೇ ಬಿಟ್ಟುಕೊಟ್ಟಾಗ, ಬಾಗಿಲ ತನಕ ಬಂದು ಮೇಲಕ್ಕೆ ನೋಡಿ, ಬೆವತು, ಹಿಂದಿರುಗಿದ್ದಳು.

ಮಗಳು ಕೆಂಚಮ್ಮನಿಗೆ ದಿನ ತುಂಬುತ್ತಿತ್ತು. ಕಟ್ಟಿಕೊಂಡವನು ಬೋರ್‌ವೆಲ್ ಲಾರಿ ಹತ್ತಿ ಹೋದವನು ಇತ್ತ ತಿರುಗಿ ನೋಡಿರಲಿಲ್ಲ. ಅವ್ವನಿಗೆ ಹೇಳದೆ ಅವಳು ನಮ್ಮ ಜೊತೆ ಬಯಲಿಗೆ ಬರತೊಡಗಿದ್ದಳು. ನೀಲಿ ಬಾಗಿಲ ಮನೆಯ ಎದುರು ಕಾಲು ಚಾಚಿ ಕೂತು, ತನ್ನ ಬೆನ್ನು ನೋವು, ಬಾಯಿ ರುಚಿ, ಹುಟ್ಟುವುದು ಗಂಡೋ ಹೆಣ್ಣೋ, ಎಲ್ಲವನ್ನೂ ಗೆಳತಿಯ ಹತ್ತಿರ ಹೇಳಿಕೊಂಡಂತೆ ಹೇಳುತ್ತಿದ್ದಳು. ಬರಬರುತ್ತಾ ಆ ಮನೆ ಎಲ್ಲಿದ್ದರೂ ಅವಳನ್ನು ಕಂಡ ಕೂಡಲೇ ಬಾಗಿಲನ್ನು ಅವಳ ಕಡೆಗೆ ತಿರುಗಿಸಿ ನಿಲ್ಲತೊಡಗಿತು. ಸಿಸ್ಟರ್ ನನ್ನ ತೋಳು ಚಿವುಟಿ, "ಒಪ್ಪಿಗೆ ಆಗಿದೆ ಕಣೋ" ಅಂದಿದ್ದರು.

"ದ್ಯಾವೀರಮ್ಮ, ಏಳವ್ವ, ಮನೆ ಕೆರೆ ಹತ್ರ ಬಂದೈತೆ" ಎಂದೆ ಏದುಸಿರು ಬಿಡುತ್ತಾ.

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. "ಬಂದ್ರೆ ಬರ್ಲಿ. ನೀರಡಿಕೆ ಆಗಿರ್ತದೆ."

"ಅವ್ವಾ, ನಾನು ಹೋಗ್ತೀನಿ" ಎಂದಳು ಕೆಂಚಮ್ಮ. ಆಗಲೇ ಎದ್ದು ಸೆರಗು ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ಗಂಟು ಕೂಡ ಇತ್ತು.

ಸೂಜಿ ನಿಂತಿತು. "ಎಲ್ಲಿಗೆ?"

"ಎಲ್ಲಿಗೇಂತ ನಿಂಗೆ ಗೊತ್ತು. ದಿನಾ ಎಲ್ಲಿಗೆ ಹೋಗ್ತೀನಿ ಅಂತಾನೂ ಗೊತ್ತು. ಕೇಳ್ದೆ ಸುಮ್ನಿದ್ದೆ ಅಷ್ಟೇಯ."

ದ್ಯಾವೀರಮ್ಮ ಮಗಳ ಹೊಟ್ಟೆಯ ಕಡೆ ನೋಡಿದಳು. ಪಡುವಲಲ್ಲಿ ಮೋಡ ಕಟ್ಟಿತ್ತು. ಗಾಳಿಗೆ ಬೇವಿನ ಹಣ್ಣು ಉದುರುತ್ತಿದ್ದವು. "ಕೆರೆ ತನಕ ಬರ್ತೀನಿ. ಒಳೀಕೆ ಮಾತ್ರ ಕರೀಬ್ಯಾಡ" ಎಂದು ಗೋಣಿ ಮಡಚಿ ಎದ್ದಳು.

ಆಟೋದವನಿಗೆ ನಾನು ಬಸ್ ನಿಲ್ದಾಣದ ಗಂಟಲಿನಲ್ಲಿ ಕೂಗಿದ ರಭಸಕ್ಕೆ ಅವನು ಬಾಡಿಗೆಯ ಮಾತೇ ಎತ್ತದೆ ಗಾಡಿ ಓಡಿಸಿದ. ಕೆರೆ ಏರಿಯ ಮೇಲೆ ಆಗಲೇ ಜನ ನೆರೆದಿದ್ದರು. ಬಟ್ಟೆ ಒಗೆಯುವವರು ಒಗೆಯುವುದನ್ನು ಬಿಟ್ಟು ನಿಂತಿದ್ದರು. ಕೆಳಗೆ, ಜೊಂಡಿನ ಮಗ್ಗುಲಲ್ಲಿ, ನೀಲಿ ಬಾಗಿಲ ಮನೆ ಜಗಲಿಯ ಕಲ್ಲನ್ನು ನೀರಿಗೆ ತಾಗಿಸಿ ಬಾಗಿ ನಿಂತಿತ್ತು. ನಾಡಹೆಂಚಿನ ಮಾಡು, ಸುಣ್ಣ ಮಾಸಿದ ಗೋಡೆ, ಬಿಸಿಲಿಗೆ ತಿಳಿಯಾದ ನೀಲಿ ಬಾಗಿಲು. ಎಷ್ಟು ಸಲ ನೋಡಿದ್ದರೂ ಅವತ್ತು ಅದು ನನಗೆ ತುಂಬ ಚೆಂದ ಕಂಡಿತು.

ಸಿಸ್ಟರ್ ಹಾಲಿನ ಪಾತ್ರೆ ಹಿಡಿದು ಕಾಯುತ್ತಿದ್ದರು. ಕೆಂಚಮ್ಮ ಅದನ್ನು ತೆಗೆದುಕೊಂಡು ಏರಿಯಿಂದ ಇಳಿದಳು. ಅವಳು ಹತ್ತಿರ ಹೋಗುತ್ತಿದ್ದಂತೆ ಮನೆ ನೀರು ಕುಡಿಯುವುದನ್ನು ಬಿಟ್ಟು ಮೆಲ್ಲಗೆ ತಿರುಗಿತು. ಬಾಗಿಲು ಕಿರ್ರೆಂದು ಅರ್ಧ ತೆರೆಯಿತು. ಕೆಂಚಮ್ಮ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಪಾತ್ರೆ ಹಿಡಿದು, ಬಲಗಾಲಿಟ್ಟು ಹೊಸ್ತಿಲು ದಾಟಿದಳು. ನನ್ನ ಪಕ್ಕದಲ್ಲಿದ್ದ ದ್ಯಾವೀರಮ್ಮ ಒಂದು ಹೆಜ್ಜೆ ಮುಂದಿಟ್ಟು ನಿಂತಳು.

"ಬೆಂಕಿಪೊಟ್ಟಣ!" ಎಂದು ಸಿಸ್ಟರ್ ಹಣೆ ಬಡಿದುಕೊಂಡರು. ಅದು ಅವರ ಕೈಚೀಲದಲ್ಲೇ ಉಳಿದಿತ್ತು.

ಅಷ್ಟರಲ್ಲಿ ಷಡಕ್ಷರಪ್ಪನ ಲಾರಿ ಹಾರನ್ ಹೊಡೆಯುತ್ತಾ ಏರಿ ಹತ್ತಿ ಬಂತು. ಹಿಂದೆ ಅವನ ಆಳುಗಳು ಹಗ್ಗದ ಸುರುಳಿ ಹಿಡಿದು ನಿಂತಿದ್ದರು. ಆ ಸದ್ದಿಗೆ ಮನೆ ಬೆಚ್ಚಿತು. ಹೆಂಚುಗಳೆಲ್ಲ ಒಮ್ಮೆ ಗಲಗಲ ಎಂದವು. ಮರುಕ್ಷಣ ಅದು ಜೊಂಡನ್ನು ಸೀಳಿಕೊಂಡು ದಡ ಹತ್ತಿ, ಬಯಲಿಗೆ ಬಿದ್ದು, ಹೊಳೆಯ ಕಡೆಗೆ ಓಡತೊಡಗಿತು.

"ಕೆಂಚೀ!" ಎಂದು ದ್ಯಾವೀರಮ್ಮ ಕಿರುಚಿದಳು.

ಅವಳು ಓಡಿದ ಓಟವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಸೀರೆ ಮಂಡಿಗೆ ಎತ್ತಿ ಕಟ್ಟಿ, ಜಾಲಿ ಮುಳ್ಳು, ಕಲ್ಲು, ಯಾವುದನ್ನೂ ಲೆಕ್ಕಿಸದೆ ಹೊರಟಳು. ನಾನು ಅವಳ ಹಿಂದೆ. ನನ್ನ ಹಿಂದೆ ಸಿಸ್ಟರಿನ ಮೊಪೆಡ್ಡು, ಅದರ ಹಿಂದೆ ಲಾರಿ, ಲಾರಿಯ ಹಿಂದೆ ಇಡೀ ಕೆರೆ ಏರಿ. ಮನೆ ಒಂದು ಹಳ್ಳ ದಾಟಲು ಕ್ಷಣ ತಡೆದಾಗ ದ್ಯಾವೀರಮ್ಮ ಜಗಲಿಯ ಅಂಚು ಹಿಡಿದು ಮೇಲೆ ಹತ್ತಿಬಿಟ್ಟಳು. ನನ್ನ ಕೈಗೆ ಸಿಕ್ಕಿದ್ದು ತೇಗದ ಕಂಬ. ಅದನ್ನು ತಬ್ಬಿಕೊಂಡು ನೇತಾಡಿ, ಕಾಲು ಮೇಲೆಳೆದುಕೊಂಡೆ.

"ಹಿಡ್ಕೋ!" ಎಂದು ಸಿಸ್ಟರ್ ಪಕ್ಕಕ್ಕೆ ಬಂದು ಕೂಗಿದರು. ಒಂದೇ ಕೈಯಲ್ಲಿ ಮೊಪೆಡ್ಡು ಓಡಿಸುತ್ತಾ ಬೆಂಕಿಪೊಟ್ಟಣವನ್ನು ಎಸೆದರು. ಚಿಕ್ಕಂದಿನಿಂದ ಒಂದು ಚೆಂಡನ್ನೂ ನೆಟ್ಟಗೆ ಹಿಡಿಯದ ನಾನು ಅದನ್ನು ಹಿಡಿದೆ. ಹಿಂದಿನಿಂದ ಜನ ಸಿಳ್ಳೆ ಹೊಡೆದರು.

ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಒಂದು ಪಡಸಾಲೆ, ಅದರ ಆಚೆ ಅಡುಗೆಮನೆ. ಕೆಂಚಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ಕೂತಿದ್ದಳು. ಪಾತ್ರೆಯ ಹಾಲಿನಲ್ಲಿ ಮುಕ್ಕಾಲು ಪಾಲು ನೆಲದ ಮೇಲೆ ಹರಿದಿತ್ತು. ದ್ಯಾವೀರಮ್ಮ ಹೊಸ್ತಿಲಿನ ಈಚೆ, ಜಗಲಿಯ ಮೇಲೆ, ಎರಡೂ ಕೈಯಲ್ಲಿ ಬಾಗಿಲ ಪಟ್ಟಿ ಹಿಡಿದು ನಿಂತಿದ್ದಳು. ಅವಳ ಕಣ್ಣು ಮೇಲೆ ನೆಟ್ಟಿತ್ತು. ಒಳಗಿನ ತೊಲೆಗಳು ಕಿರುಗುಡುತ್ತಿದ್ದವು. ನೋಡುತ್ತಿದ್ದಂತೆಯೇ ಒಂದು ಹೆಂಚು ಜಾರಿ ಪಡಸಾಲೆಯ ನಡುವೆ ಬಿದ್ದು ಚೂರಾಯಿತು. ಅದರ ಬೆನ್ನಿಗೆ ರೀಪಿನ ತುಂಡುಗಳು ಉದುರಿದವು.

"ಈಚೆ ಬಾರೇ! ಜಿಗಿ, ನಾನು ಹಿಡ್ಕೋತೀನಿ, ಬೀಳ್ತದೆ ಕಣೇ ಅದು, ಬೀಳ್ತದೆ!" ಅವಳ ದನಿ ಅವಳದ್ದಾಗಿರಲಿಲ್ಲ.

ಕೆಂಚಮ್ಮ ಅಲ್ಲಾಡಲಿಲ್ಲ. ಹೆದರಿಕೆಯಿಂದ ಅವಳ ತುಟಿ ಬಿಳುಚಿತ್ತು, ಆದರೂ ಮಾತು ಸ್ಪಷ್ಟವಾಗಿತ್ತು. "ಎಲ್ಲಿಗ್ ಜಿಗೀಲವ್ವಾ ಈ ಹೊಟ್ಟೆ ಹೊತ್ಕಂಡು? ಹುಟ್ಟಿದಾಗಿಂದ ನಿನ್ ಹಿಂದೆ ಬಯಲಲ್ಲಿ ಬಂದೆ. ಒಂದ್ ದಿನಾನೂ ಯಾಕೆ ಅನ್ಲಿಲ್ಲ. ಇವತ್ತೊಂದಿನ ನೀನು ನನ್ ಹಿಂದೆ ಒಳೀಕ್ ಬಾ."

ದ್ಯಾವೀರಮ್ಮನ ಮುಖವನ್ನು ನಾನು ಪಕ್ಕದಿಂದ ನೋಡುತ್ತಿದ್ದೆ. ಬೆವರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಬೆಂಕಿಪೊಟ್ಟಣವನ್ನು ಅವಳ ಮುಂದೆ ಚಾಚಿದೆ. ಅವಳು ಅದನ್ನು ಕಸಿದುಕೊಂಡಳು. ಕಣ್ಣನ್ನು ಸೂರಿನಿಂದ ಕಿತ್ತು ಮಗಳ ಮೇಲೆ ಇಟ್ಟಳು. "ಮಾರಮ್ಮಾ, ನಿನ್ ಮನೆ ಕಾಯ್ವಾಗ" ಎಂದು ಬೈದಂತೆಯೂ ಬೇಡಿಕೊಂಡಂತೆಯೂ ಗೊಣಗಿ ಹೊಸ್ತಿಲು ದಾಟಿದಳು.

ದಾಟಿದ ಮೇಲೆ ಅವಳು ಬೇರೆಯೇ ಹೆಂಗಸು. "ಏನೇ ಇದು, ಇಷ್ಟಗಲದ ಪಾತ್ರೇಲಿ ಇಷ್ಟೇ ಇಷ್ಟು ಹಾಲು ಹೆಂಗೆ ಉಕ್ತದೆ? ನಿನ್ ಗಂಟಿನೊಳ್ಗೆ ಚೊಂಬೈತಲ್ಲ, ತೆಗಿ!" ಎಂದು ಗದರಿದಳು. ಉಳಿದ ಹಾಲನ್ನು ಆ ಪುಟ್ಟ ಚೊಂಬಿಗೆ ಬಗ್ಗಿಸಿದಳು. ಕುತ್ತಿಗೆಯವರೆಗೂ ಬಂತು. ಉದುರಿದ ರೀಪಿನ ತುಂಡುಗಳನ್ನು ಬಾಚಿಕೊಂಡು ಹೋಗಿ ಮೂಲೆಯ ಮಣ್ಣೊಲೆಗೆ ತುರುಕಿದಳು. ಮನೆ ಎಡಕ್ಕೆ ವಾಲಿದರೆ ಅವಳು ಬಲಕ್ಕೆ ವಾಲುತ್ತಿದ್ದಳು.

"ಅವ್ವಾ, ಚೊಂಬು ಬೀಳ್ತದೆ!"

"ಬೀಳಕ್ಕೆ ಬಿಟ್ರೆ ತಾನೆ. ಓಡೋ ಟ್ರ್ಯಾಕ್ಟರಲ್ಲಿ ಮುದ್ದೆ ತೊಳಸಿ ಇಡೀ ಗ್ಯಾಂಗಿಗೆ ಉಣ್ಣಾಕಿಟ್ಟೋಳು ನಾನು. ನೀನು ಊದು!"

ಮೊದಲ ಕಡ್ಡಿ ಗಾಳಿಗೆ ಆರಿತು. ಎರಡನೆಯದೂ ಆರಿತು. ಆಮೇಲೆ ಅವಳು ಒಲೆಗೆ ಬೆನ್ನು ಬಾಗಿಸಿ ಸೆರಗನ್ನು ಮರೆ ಮಾಡಿಕೊಂಡು ಗೀರಿದಳು. ಒಳಗಿನಿಂದ ಸಣ್ಣಗೆ ಹೊಗೆ ಎದ್ದಿತು. ನಾನು ಕಂಬ ಹಿಡಿದುಕೊಂಡೇ ಕುಣಿದೆ. ಹಿಂದೆ ಓಡಿಬರುತ್ತಿದ್ದವರಿಗೆ ಕೇಳುವಂತೆ ಬಸ್ ನಿಲ್ದಾಣದ ಗಂಟಲಿನಲ್ಲಿ "ಒಲೆ ಹತ್ತಿತು! ಒಲೆ ಹತ್ತಿತ್ರಪ್ಪೋ!" ಎಂದು ಕೂಗಿದೆ. ಜಾಲಿ ಮರಗಳ ನಡುವೆ ಅಲೆಯುತ್ತಿದ್ದ ಬೇರೆ ಮನೆಗಳೂ ನಿಂತು ನಮ್ಮ ಕಡೆಗೆ ತಿರುಗಿದ್ದನ್ನು ಕಂಡೆ.

ಆ ಹೊತ್ತಿಗೆ ಲಾರಿ ಹತ್ತಿರ ಬಂದೇಬಿಟ್ಟಿತ್ತು. ಒಬ್ಬ ಆಳು ಬೀಸಿದ ಹಗ್ಗದ ಕುಣಿಕೆ ಇನ್ನೊಂದು ಕಂಬಕ್ಕೆ ಬಿದ್ದು ಬಿಗಿಯಿತು. ಲಾರಿ ಬ್ರೇಕ್ ಹಾಕಿತು. ಮನೆ ಮುಗ್ಗರಿಸಿತು. ಒಳಗೆ ಕೆಂಚಮ್ಮ ಚೀರಿದಳು. ಮನೆ ಹೊಳೆಯ ಕಡೆಗೆ ಜಗ್ಗುತ್ತಿತ್ತು, ಲಾರಿ ಊರ ಕಡೆಗೆ ಎಳೆಯುತ್ತಿತ್ತು. ನಾವಿದ್ದದ್ದು ಹೊಳೆಯ ಮರಳಿನ ಮಗ್ಗುಲಲ್ಲಿ, ಇನ್ನು ನಾಲ್ಕು ಮಾರು ಹೋದರೆ ದಾಟುವ ಜಾಗ.

"ಷಡಕ್ಷರಪ್ಪಾ, ಒಳಗೆ ಬಸುರಿ ಇದಾಳೆ, ಹಗ್ಗ ಬಿಡಿಸು!" ಎಂದು ಅರಚಿದೆ.

ಅವನು ಲಾರಿಯ ಬಾಗಿಲಿನಿಂದ ಅರ್ಧ ಹೊರಬಂದು ನೇತಾಡುತ್ತಾ ಕೂಗಿದ. "ಹಗ್ಗ ಬಿಟ್ರೆ ಹೊಳೆ ದಾಟ್ತದೆ ಕಣಯ್ಯ! ಆಮೇಲೆ ಆ ಹೆಣ್ಮಕ್ಕಳನ್ನ ಎಲ್ಲಿ ಹುಡುಕ್ತೀಯ? ಹಾಲು ಉಕ್ಕಿಲ್ಲ ತಾನೆ? ಇಳೀರಿ ಅನ್ನು, ನಾನು ಹಿಡಿದಿರ್ತೀನಿ!"

ಮೊಪೆಡ್ಡಿನಿಂದ ಇಳಿದು ಸಿಸ್ಟರ್ ನೇರ ಹೋಗಿ ಹಗ್ಗವನ್ನು ಎರಡೂ ಕೈಯಿಂದ ಹಿಡಿದರು. ಬಿಡಿಸುತ್ತಾರೇನೋ ಅಂದುಕೊಂಡೆ. ಇಲ್ಲ, ಕಾಲು ಊರಿ ಲಾರಿಯ ಕಡೆಗೆ ಎಳೆಯತೊಡಗಿದರು! "ಅವನು ಹೇಳಿದ್ದು ಸರಿ ಇದೆ. ದಾಟಬಾರದು. ಉಕ್ಕೋ ತನಕ ಹಿಡೀರೋ ಎಲ್ಲಾ!" ಎಂದರು. ಓಡಿ ಬಂದಿದ್ದ ಜನ ಒಬ್ಬೊಬ್ಬರಾಗಿ ಹಗ್ಗಕ್ಕೆ ಬಿದ್ದರು. ಬಟ್ಟೆ ಒಗೆಯುವವರು, ಆಟೋದವನು, ಷಡಕ್ಷರಪ್ಪನ ಆಳುಗಳು, ಬಳಗದಿಂದ ಹಿಂದೆ ಮನೆ ಪಡೆದು ನೆಲೆಗೊಂಡವರು ಕೂಡ. ಮನೆ ಒಂದು ಹೆಜ್ಜೆ ಎಳೆದರೆ ಇವರು ಒಂದು ಹೆಜ್ಜೆ ಎಳೆಯುತ್ತಿದ್ದರು. "ಐಸಾ!" ಎಂದು ಯಾರೋ ಶುರು ಮಾಡಿದರು. ಆ ಹಗ್ಗ ಯಾರ ಪರವೋ, ಯಾರು ಗೆದ್ದರೆ ಏನೋ, ಒಬ್ಬರಿಗೂ ಗೊತ್ತಿದ್ದಂತಿರಲಿಲ್ಲ. ಷಡಕ್ಷರಪ್ಪ ಕೂಡ ಇಳಿದು ಬಂದು ಹಗ್ಗದ ತುದಿ ಹಿಡಿದಿದ್ದ.

ನಾನು ಒಳಗೆ ಇಣುಕಿದೆ. ಅವ್ವ ಮಗಳು ಒಲೆಯ ಮುಂದೆ ಭುಜಕ್ಕೆ ಭುಜ ಒತ್ತಿ ಕೂತಿದ್ದರು. ದ್ಯಾವೀರಮ್ಮ ಸೆರಗಿನ ತುದಿಯಿಂದ ಚೊಂಬಿನ ಕಂಠ ಹಿಡಿದಿದ್ದಳು. ಅವಳ ತಲೆಯ ಮೇಲೆ ತೊಲೆಗಳು ಅಲುಗುತ್ತಲೇ ಇದ್ದವು. ಅವಳು ಮೇಲೆ ನೋಡಲಿಲ್ಲ. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು.

"ಬರ್ತಾ ಐತೆ" ಎಂದಳು ಕೆಂಚಮ್ಮ ಪಿಸುದನಿಯಲ್ಲಿ.

"ಸುಮ್ನಿರು, ನೋಡಬ್ಯಾಡ. ನೋಡ್ತಾ ಕೂತ್ರೆ ಉಕ್ಕಲ್ಲ."

ಇಬ್ಬರೂ ಬೇಕೆಂದೇ ಬೇರೆ ಕಡೆಗೆ ಮುಖ ತಿರುಗಿಸಿದರು. ಹಾಗೆ ತಿರುಗಿಸಿದ್ದರಿಂದ ಅದನ್ನು ಮೊದಲು ನೋಡಿದವನು ನಾನು. ಕೆನೆ ಉಬ್ಬಿತು, ಚೊಂಬಿನ ಬಾಯಿಗೆ ಬಂತು, ಕ್ಷಣ ನಿಂತಿತು, ಆಮೇಲೆ ಬೆಳ್ಳಗೆ ನಾಲ್ಕೂ ಕಡೆ ಇಳಿದು ಬೆಂಕಿಗೆ ಬಿದ್ದು ಚುಂಯ್ ಎಂದಿತು. ಸೀದ ಹಾಲಿನ ವಾಸನೆ ಪಡಸಾಲೆ ದಾಟಿ ಜಗಲಿಗೆ ಬಂದು ನನ್ನ ಮೂಗಿಗೆ ಬಡಿಯಿತು.

ಕಾಲ ಕೆಳಗಿನ ಜಗಲಿ ಒಮ್ಮೆ ನಡುಗಿತು. ಮನೆ ನಿಟ್ಟುಸಿರು ಬಿಟ್ಟಂತೆ ಕಿಟಕಿಗಳೆಲ್ಲ ಪಟಪಟನೆ ತೆರೆದುಕೊಂಡವು. ನೊಗ ಕಳಚಿದ ಎತ್ತು ಮಂಡಿಯೂರುವ ಹಾಗೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ ನೆಲಕ್ಕೆ ಇಳಿಯಿತು. ಹಗ್ಗ ಸಡಿಲವಾಯಿತು. ಎಳೆಯುತ್ತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಮಗುಚಿಬಿದ್ದರು. ರಾಶಿಯ ಅಡಿಯಿಂದ ಸಿಸ್ಟರ್ "ಉಕ್ತಾ? ಉಕ್ತಾ?" ಎಂದು ಕೇಳುತ್ತಿದ್ದರು.

"ಉಕ್ಕಿತೂ!" ಎಂದು ನಾನು ಕೂಗಿದ್ದು ಹೊಳೆಯ ಆಚೆ ದಡಕ್ಕೂ ಕೇಳಿಸಿರಬೇಕು.

ಜನ ಎದ್ದು ಮಣ್ಣು ಕೊಡವಿಕೊಂಡು, ನಗುತ್ತಾ, ಸಿಳ್ಳೆ ಹಾಕುತ್ತಾ ಮನೆಯ ಸುತ್ತ ನೆರೆದರು. ಮೊದಲ ಮಳೆಯ ಹನಿಗಳು ಮರಳಿನ ಮೇಲೆ ಬಿದ್ದು ಗುಳಿ ತೋಡತೊಡಗಿದವು. ಸಿಸ್ಟರ್ ಮಂಡಿ ತರಚಿಕೊಂಡಿದ್ದರು. ಅದನ್ನು ಒರೆಸಿಕೊಳ್ಳದೆಯೇ ನನ್ನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕರು. ಷಡಕ್ಷರಪ್ಪ ಒಬ್ಬನೇ ದೂರ ನಿಂತು ಆ ತೇಗದ ಕಂಬಗಳನ್ನು ನೋಡಿದ. ಆಮೇಲೆ ಬಂದು ಕುಣಿಕೆ ಸಡಿಲಿಸಿ, ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳತೊಡಗಿದ. "ಹೆಂಚು ಒಂದೆರಡು ಕಡೆ ಹೋಗೈತೆ. ನಾಳೆ ಕಳಿಸ್ತೀನಿ" ಎಂದು ನನಗೆ ಮಾತ್ರ ಕೇಳಿಸುವಂತೆ ಹೇಳಿದ.

ಮಳೆ ಜೋರಾಯಿತು. ಆದರೂ ಯಾರೂ ಜಗಲಿ ಹತ್ತಲಿಲ್ಲ. ಮನೆಯವರು ಕರೆಯದೆ ಹತ್ತುವುದು ಹೇಗೆ? ಎಲ್ಲರೂ ನೆನೆಯುತ್ತಾ ನಿಂತು ಬಾಗಿಲನ್ನೇ ನೋಡುತ್ತಿದ್ದೆವು. ಒಳಗಿನಿಂದ ಮಾತು ಕೇಳಿಸುತ್ತಿತ್ತು. ಅವ್ವ ಏನೋ ಗದರುತ್ತಿದ್ದಳು, ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಕೊನೆಗೆ ದ್ಯಾವೀರಮ್ಮ ಬಾಗಿಲಿಗೆ ಬಂದಳು. ಮುಖಕ್ಕೆಲ್ಲ ಮಸಿ ಬಳಿದಿತ್ತು. ಹೊಸ್ತಿಲಿನ ಒಳಗೆ ನಿಂತು ಒಂದು ಕೈಯನ್ನು ಬಾಗಿಲ ಚೌಕಟ್ಟಿಗೆ ಆನಿಸಿದ್ದಳು. ಹೊರಗೆ ನೆನೆಯುತ್ತಿದ್ದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ದಿಟ್ಟಿಸಿದಳು. ಬಯಲಲ್ಲಿ ಪ್ಲಾಸ್ಟಿಕ್ ಹೊದ್ದು ಕೂತವಳನ್ನು ಇಷ್ಟು ವರ್ಷ ಊರು ನೋಡಿತ್ತು. ಈಗ ಅವಳು ಊರನ್ನು ನೋಡಿದಳು. ಹೇಳಬೇಕಾದ ಮಾತು ಅವಳ ಬಾಯಿಗೆ ಹೊಸದು.

"ಯಾಕೆ ಮಳೇಲಿ ನಿಂತೀರಿ? ಒಳೀಕ್ ಬನ್ನಿ" ಎಂದಳು.

ಸಿಸ್ಟರ್ ಮೊದಲು ಹತ್ತಿದರು. ಆಮೇಲೆ ನಾನು, ಆಟೋದವನು, ಉಳಿದವರು. ಕೆಂಚಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಚೊಂಬಿನ ತಳದಲ್ಲಿ ಉಳಿದ ಒಂದು ಗುಟುಕನ್ನು ಅವಳಿಗೇ ಕುಡಿಸಿದರು. ಪಡಸಾಲೆಯಲ್ಲಿ ಎರಡು ಕಡೆ ಸೋರುತ್ತಿತ್ತು. ಸೋರುವ ಜಾಗ ಬಿಟ್ಟು ಎಲ್ಲರೂ ಒತ್ತಿಕೊಂಡು ಕೂತೆವು.

ದ್ಯಾವೀರಮ್ಮ ಬಾಗಿಲಲ್ಲೇ ನಿಂತಿದ್ದಳು. ಹೊರಗೆ, ಲಾರಿಯ ಪಕ್ಕದಲ್ಲಿ, ಷಡಕ್ಷರಪ್ಪ ಹೆಗಲಿಗೆ ಹಗ್ಗದ ಸುರುಳಿ ಏರಿಸಿಕೊಂಡು ಜಗಲಿ ಹತ್ತುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದ.

"ನಿಂಗೂ ಹೇಳ್ದೆ ಕಣಪ್ಪ" ಎಂದು ಅವಳು ಕೂಗಿದಳು. "ಹಗ್ಗ ಅಲ್ಲೇ ಇಟ್ಟು ಬಾ."

ಅವನು ಹಗ್ಗವನ್ನು ಲಾರಿಯ ಗಾಲಿಯ ಮೇಲೆ ಇಟ್ಟ. ಮೆಟ್ಟು ಬಿಟ್ಟ, ಜಗಲಿಯ ಸೂರಿನಿಂದ ಇಳಿಯುತ್ತಿದ್ದ ಮಳೆನೀರಿನಲ್ಲಿ ಕಾಲು ತಿಕ್ಕಿ ತೊಳೆದುಕೊಂಡ. ಬಾಗಿಲು ಅವನಿಗಿಂತ ಎತ್ತರವಾಗಿಯೇ ಇತ್ತು. ಆದರೂ ತಲೆ ತಗ್ಗಿಸಿ ಒಳಗೆ ಬಂದ.